ಒಡೆಯನ ಮೆಚ್ಚು

ಕಳೆದ ವರ್ಷ ನಮ್ಮ ಕಾಲೇಜಿನ ಹಿರಿಯ ಗುಮಾಸ್ತರೊಬ್ಬರು ನಿವೃತ್ತರಾದರು. ಮೂವತ್ತೊಂದು ವರ್ಷದ ಸೇವೆ. ಹಾರ, ಶಾಲು, ಹಣ್ಣಿನ ತಟ್ಟೆ ಎಲ್ಲವೂ ಕ್ರಮವಾಗಿ ನಡೆದುವು. ಮೇಲಧಿಕಾರಿಗಳು ಎದ್ದು ನಿಂತು ಅವರನ್ನು ಪ್ರಾಮಾಣಿಕರು, ದಕ್ಷರು, ಶ್ರದ್ಧಾವಂತರು ಎಂದು ಕೊಂಡಾಡಿದರು. ನಾನೂ ನಾಲ್ಕು ಮಾತು ಆಡಿದೆ. ಅವೇ ಮೂರು ವಿಶೇಷಣಗಳನ್ನು ಹಿಂದುಮುಂದು ಮಾಡಿ, ಕನ್ನಡ ಮೇಷ್ಟ್ರಾದ ತಪ್ಪಿಗೆ ಇನ್ನೆರಡನ್ನು ಸೇರಿಸಿದೆ, ಅಷ್ಟೆ. ಸಭೆ ಮುಗಿದ ಮೇಲೆ ಅವರು ಕಾಫಿ ಲೋಟ ಹಿಡಿದು ನನ್ನ ಬಳಿಗೆ ಬಂದರು. "ಎಲ್ಲ ಚೆನ್ನಾಗಿತ್ತು ಮೇಷ್ಟ್ರೆ. ಆದರೆ ಇಷ್ಟು ವರ್ಷ ನಾನು ಏನು ಕೆಲಸ ಮಾಡ್ತಿದ್ದೆ ಅಂತ ಯಾರೂ ಹೇಳಲಿಲ್ಲ ನೋಡಿ" ಎಂದರು. ನಗುನಗುತ್ತಲೇ ಅಂದರು. ನನಗೆ ಮಾತ್ರ ಉತ್ತರ ಹೊಳೆಯಲಿಲ್ಲ.

ಆ ವಾರವೇ ತರಗತಿಯಲ್ಲಿ ಆತಕೂರಿನ ಶಾಸನವನ್ನು ಪಾಠ ಹೇಳಬೇಕಾಗಿ ಬಂತು. ಹಲವು ಸಲ ಹೇಳಿದ ಪಾಠವೇ. ಈ ಸಲ ಮಾತ್ರ ಅದು ಬೇರೆ ರೀತಿ ಕೇಳಿಸಿತು.

ಆತಕೂರು ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿನ ಒಂದು ಹಳ್ಳಿ. ಅಲ್ಲಿಯ ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಕಾಲ ಕ್ರಿ. ಶ. 949-50. ಕಲ್ಲಿನ ಮೇಲೆ ಒಂದು ನಾಯಿ ಮತ್ತು ಒಂದು ಕಾಡುಹಂದಿ ಸೆಣಸುತ್ತಿರುವ ಚಿತ್ರ. ಅದರ ಸುತ್ತ ಅಕ್ಷರ. ರಾಷ್ಟ್ರಕೂಟರ ಮೂರನೆಯ ಕೃಷ್ಣ, ಅಂದರೆ ನಮ್ಮ ಶಾಸನಗಳ ಕನ್ನರದೇವ, ತಮಿಳು ನಾಡಿನ ತಕ್ಕೋಲದಲ್ಲಿ ಚೋಳ ರಾಜಾದಿತ್ಯನೊಡನೆ ಯುದ್ಧ ಮಾಡಿದನಷ್ಟೆ. ಅಂದು ರಾಜಾದಿತ್ಯನನ್ನು ಕೊಂದವನು ಕೃಷ್ಣನ ಸಾಮಂತನೂ ಭಾವಮೈದುನನೂ ಆದ ಗಂಗರ ಇಮ್ಮಡಿ ಬೂತುಗ. ಆ ಬೂತುಗನ ಮುಂದೆ ನಿಂತು ಇರಿದಾಡಿದವನು ಮಣಲೇರ ಎಂಬ ಸರದಾರ.

ಇನ್ನು ಮೆಚ್ಚುಗೆಯ ಕಥೆ. ಚೋಳನನ್ನು ಕೊಂದುದಕ್ಕೆ ಕೃಷ್ಣನು ಬೂತುಗನಿಗೆ ಬನವಾಸಿ ಹನ್ನೆರಡು ಸಾವಿರ, ಬೆಳ್ವೊಲ ಮುನ್ನೂರು, ಪುರಿಗೆರೆ ಮುನ್ನೂರು, ಕಿಸುಕಾಡು ಎಪ್ಪತ್ತು, ಬಾಗೆನಾಡು ಎಪ್ಪತ್ತು, ಇಷ್ಟನ್ನು ಕೊಟ್ಟ. ಬೂತುಗನು ಅದನ್ನೆಲ್ಲ ತನ್ನೊಬ್ಬನ ಗೆಲುವೆಂದು ಗಂಟು ಕಟ್ಟಿಕೊಳ್ಳಲಿಲ್ಲ. ತನ್ನ ಮುಂದೆ ನಿಂತು ಕಾದಿದುದಕ್ಕೆ ಎಂದು ಕಾರಣವನ್ನು ಸ್ಪಷ್ಟವಾಗಿ ಹೇಳಿ, ಮಣಲೇರನಿಗೆ ಆತಕೂರು ಹನ್ನೆರಡನ್ನೂ ಬೆಳ್ವೊಲದ ಒಂದು ಊರನ್ನೂ ಬಾಳ್ಗಚ್ಚಾಗಿ ಕೊಟ್ಟ. ಬಾಳ್ ಎಂದರೆ ಕತ್ತಿ, ಕಚ್ಚು ಎಂದರೆ ತೊಳೆ. ನೆತ್ತರಾದ ಕತ್ತಿಯನ್ನು ತೊಳೆದು ಕೊಡುವ ದತ್ತಿ ಅದು. ಎಷ್ಟು ಚೆಲುವಾದ ಮಾತು! ಇಂದಿನ ಕಚೇರಿಯ ಯಾವ ಆದೇಶಪತ್ರದಲ್ಲಿಯೂ ಇಂಥ ಶಬ್ದ ಸಿಕ್ಕಲಾರದು.

ಶಾಸನದಲ್ಲಿ ಇನ್ನೂ ಒಂದು ಸಂಗತಿ ಇದೆ. ಬೂತುಗನು ಮೆಚ್ಚಿ, ಬೇಕಾದುದನ್ನು ಬೇಡಿಕೋ ಎಂದನಂತೆ. ಮಣಲೇರ ಬೇಡಿದ್ದು ಊರಲ್ಲ, ಹೊನ್ನಲ್ಲ. ಒಡೆಯನ ಬೇಟೆನಾಯಿ ಕಾಳಿಯನ್ನು. ಆಳಿಗೆ ಏನು ಬೇಕೆಂಬುದು ಒಡೆಯನಿಗೆ ತಾನಾಗಿ ಹೊಳೆಯುವುದಿಲ್ಲ. ಕೇಳಬೇಕು. ಕೇಳದೆ ಕೊಟ್ಟ ಶಾಲುಗಳೆಲ್ಲ ನಮ್ಮ ಮನೆಗಳ ಟ್ರಂಕುಗಳಲ್ಲಿ ನುಸಿಗುಳಿಗೆಯ ವಾಸನೆ ಹಿಡಿದು ಬಿದ್ದಿವೆ.

ಮುಂದೆ ಕೆಳಲೆ ನಾಡಿನ ಬೆಳತೂರಿನ ಪಡುವಣ ಗುಡ್ಡದಲ್ಲಿ ಕಾಳಿಯನ್ನು ದೊಡ್ಡದೊಂದು ಹಂದಿಯ ಮೇಲೆ ಬಿಟ್ಟರು. ಹಂದಿಯೂ ನಾಯಿಯೂ ಒಟ್ಟಿಗೆ ಸತ್ತವು. ಮಣಲೇರ ಆತಕೂರಿನ ಚಲ್ಲೇಶ್ವರದ ಮುಂದೆ ಅದಕ್ಕೆ ಕಲ್ಲು ನಿಲ್ಲಿಸಿದ. ದೊಡ್ಡ ಕೆರೆಯ ಕೆಳಗೆ ಎರಡು ಖಂಡುಗದ ಭೂಮಿಯನ್ನು ಬಿಡಲಾಯಿತು. ಅಲ್ಲಿಯ ಗೊರವನು ಆ ಕಲ್ಲನ್ನು ಪೂಜಿಸದೆ ಉಂಡರೆ ಅವನಿಗೆ ಪಾಪ ತಟ್ಟುವುದೆಂದು ಬರೆಸಿದರು. ಚಕ್ರವರ್ತಿಯಿಂದ ಸಾಮಂತನಿಗೆ, ಸಾಮಂತನಿಂದ ಸರದಾರನಿಗೆ, ಸರದಾರನಿಂದ ನಾಯಿಗೆ, ಹೀಗೆ ಮೆಚ್ಚುಗೆ ಮೆಟ್ಟಲಿಳಿದು ಬಂದಿದೆ. ಪ್ರತಿ ಮೆಟ್ಟಲಿನಲ್ಲಿಯೂ ಯಾರು, ಎಲ್ಲಿ, ಏನು ಮಾಡಿದರೆಂಬುದು ನಮೂದಾಗಿದೆ. ನಾಯಿಗೆ ಸಿಕ್ಕ ನ್ಯಾಯ ನಮ್ಮ ಗುಮಾಸ್ತರಿಗೆ ಸಿಕ್ಕಲಿಲ್ಲ.

ಇದು ಗಂಗರ ಕಾಲದಲ್ಲಿ ಹುಟ್ಟಿದ ಪದ್ಧತಿಯಲ್ಲ. ಕನ್ನಡದ ಮೊದಲ ಶಾಸನವೆಂದು ಬಹುಕಾಲ ಹೆಸರಾದ ಹಲ್ಮಿಡಿಯ ಕಲ್ಲು ಸುಮಾರು ಕ್ರಿ. ಶ. 450ರದು, ಬೇಲೂರು ತಾಲ್ಲೂಕಿನಲ್ಲಿ ಅದನ್ನು ಬೆಳಕಿಗೆ ತಂದವರು ಎಂ. ಎಚ್. ಕೃಷ್ಣ ಅವರು. (ತಾಳಗುಂದದ ಶಾಸನ ಅದಕ್ಕೂ ಹಳೆಯದೆಂಬ ವಾದ ಈಚೆಗೆ ಬಂದಿದೆ, ಅದಿರಲಿ.) ಅದರಲ್ಲಿರುವುದೇನು? ಕಾದಿ ಗೆದ್ದ ವಿಜ ಅರಸನಿಗೆ ಎರಡು ಊರುಗಳನ್ನು ಬಾಳ್ಗಳ್ಚಾಗಿ ಕೊಟ್ಟ ವಿಷಯ. ಸೇಂದ್ರಕ, ಬಾಣ ಎರಡೂ ದೇಶಗಳ ವೀರಪುರುಷರ ಸಮಕ್ಷದ ಮಾತೂ ಬರುತ್ತದೆ. ನಮ್ಮ ಭಾಷೆ ಕಲ್ಲಿನ ಮೇಲೆ ಕಣ್ಣು ತೆರೆದದ್ದೇ ಹತ್ತು ಜನರ ಎದುರಿಗೆ ಒಬ್ಬನ ಕೆಲಸವನ್ನು ಒಪ್ಪಿ ಹೇಳುವುದಕ್ಕೆ ಎಂದರೆ ದೊಡ್ಡ ಮಾತಾಗದು.

ವಸ್ತುಸಂಗ್ರಹಾಲಯದಲ್ಲಿ ಬೇಗೂರಿನ ವೀರಗಲ್ಲೂ ಇದೆ, ಸುಮಾರು ಕ್ರಿ. ಶ. 900ರ ಕಾಲದ್ದು. ನಾಗತ್ತರನೆಂಬ ವೀರ ತುಂಬೆಪಾಡಿಯ ಕಾಳಗದಲ್ಲಿ ಆನೆಗೆ ಎದುರಾಗಿ ಕಾದಿ ಸತ್ತ. ಸುದ್ದಿ ಕೇಳಿದ ಎರೆಯಪ್ಪ ಇರುಗನೆಂಬವನಿಗೆ ನಾಗತ್ತರನೆಂಬ ಪಟ್ಟವನ್ನೇ ಕಟ್ಟಿ, ಬೆಂಪೂರು ಹನ್ನೆರಡನ್ನು ಕೊಟ್ಟ. ಆ ಊರುಗಳ ಹೆಸರನ್ನು ಒಂದೊಂದಾಗಿ ಕೊರೆಸಿದ್ದಾರೆ. ಸತ್ತವನ ಹೆಸರು ಒಂದು ಪದವಿಯಾಗಿ ಉಳಿಯಿತು.

ಹಾಗೆಂದು ಆ ಕಾಲವನ್ನು ಬರಿದೆ ಹೊಗಳಿ ಕೂರುವವನು ನಾನಲ್ಲ. ರಾಚಮಲ್ಲನನ್ನು ಕೊಂದು ಬೂತುಗ ಗಂಗವಾಡಿಯನ್ನು ಆಳುತ್ತಿದ್ದನೆಂದು ಆತಕೂರಿನ ಶಾಸನವೇ ಹೇಳುತ್ತದೆ. ಅಂಥವನ ಔದಾರ್ಯದಲ್ಲಿ ರಾಜಕಾರಣವೂ ಇದ್ದೀತು. ತಕ್ಕೋಲದಲ್ಲಿ ಬಿದ್ದ ಸಾಮಾನ್ಯ ಕಾಲಾಳುಗಳ ಹೆಸರು ಈ ಕಲ್ಲಿನಲ್ಲಿಲ್ಲ, ನಾಯಿಯ ಹೆಸರಿದೆ. ಇದನ್ನು ಹೇಳಿದಾಗ ಹಿಂದಿನ ಬೆಂಚಿನ ಹುಡುಗಿಯೊಬ್ಬಳು, "ಸಾರ್, ಆಳುಗಳಿಗೆ ಬೇಜಾರಾಗಿರಲ್ವಾ?" ಎಂದು ಕೇಳಿದಳು. ಆಗಿರಲೇಬೇಕು ಎಂದೆ.

ಒಡೆಯನ ಜೋಳ ಉಂಡ ಋಣಕ್ಕೆ ಪ್ರಾಣ ಕೊಡುವ ಜೋಳದಪಾಳಿಯೂ ಈ ಮೆಚ್ಚುಗೆಯ ಒಡಹುಟ್ಟೇ. ಹಳೇಬೀಡಿನ ಹೊಯ್ಸಳೇಶ್ವರದ ಬಳಿಯ ಗರುಡಗಂಬವನ್ನು ನೋಡಿದವರಿಗೆ ಅದು ಎಲ್ಲಿಗೆ ಮುಟ್ಟಿತೆಂಬುದು ತಿಳಿಯುತ್ತದೆ. 1220ರಲ್ಲಿ ಇಮ್ಮಡಿ ವೀರಬಲ್ಲಾಳ ತೀರಿಕೊಂಡಾಗ ಕುವರ ಲಕ್ಷ್ಮ ತನ್ನ ಮಡದಿಯೊಡನೆ, ಜೊತೆಯ ಆಳುಗಳೊಡನೆ ಪ್ರಾಣ ಬಿಟ್ಟ. ಒಡೆಯನ ಪ್ರೀತಿಯೇ ಸರ್ವಸ್ವವಾದರೆ ಆಳಿಗೆ ತನ್ನದೆಂಬ ಬಾಳೇ ಉಳಿಯುವುದಿಲ್ಲ. ಸಂಬಳ ಏರಿಸದೆ ಬೆನ್ನು ಮಾತ್ರ ತಟ್ಟುವ ಇಂದಿನ ಯಜಮಾನರ ಬಗ್ಗೆ ನೌಕರರಿಗೆ ಸಂಶಯವಿದ್ದರೆ ಅದು ಸಹಜವೇ. ಬೂತುಗ ಮಾತಿನ ಜೊತೆಗೆ ಊರನ್ನೂ ಕೊಟ್ಟನೆಂಬುದನ್ನು ಅವರು ಓದಿಕೊಳ್ಳಬೇಕು.

ಈಗ ದೊಡ್ಡ ಕಂಪೆನಿಗಳ ಗೋಡೆಯ ಮೇಲೆ 'ತಿಂಗಳ ಉತ್ತಮ ನೌಕರ' ಎಂದು ಭಾವಚಿತ್ರ ತೂಗುಹಾಕುತ್ತಾರೆ. ಬ್ಯಾಂಕೊಂದರಲ್ಲಿ ಅಂಥ ಪಟದ ಮುಂದೆ ಬಹಳ ಹೊತ್ತು ನಿಂತಿದ್ದೆ. ಹೆಸರಿತ್ತು, ನಗುವಿತ್ತು, ಏನು ಮಾಡಿದ್ದಕ್ಕೆ ಎಂಬ ಒಂದು ಸಾಲು ಇರಲಿಲ್ಲ. ಮುಂದಿನ ತಿಂಗಳು ಚಿತ್ರ ಬದಲಾದರೂ ಚೌಕಟ್ಟು ಅದೇ.

ಪಾಠ ಮುಗಿಸಿ ಮನೆಗೆ ಬಂದವನು ಆ ರಾತ್ರಿಯೇ ಗುಮಾಸ್ತರಿಗೆ ಕಾಗದ ಬರೆದೆ. ಸಭೆಯಲ್ಲಿ ಹೇಳಬಹುದಾಗಿದ್ದ ಒಂದು ಸಂಗತಿ ನನಗೆ ಗೊತ್ತೇ ಇತ್ತು. 2009ರ ಮಳೆಗಾಲದಲ್ಲಿ ಕಾಲೇಜಿನ ದಾಖಲೆ ಕೊಠಡಿ ಸೋರಿದಾಗ ಅವರು ರಾತ್ರಿಯೆಲ್ಲ ಅಲ್ಲೇ ಇದ್ದು ಮೂರು ಬೀರುಗಳ ಅಂಕಪಟ್ಟಿಯ ರಿಜಿಸ್ಟರುಗಳನ್ನು ಮಹಡಿಗೆ ಸಾಗಿಸಿದ್ದರು. ಎಷ್ಟೋ ಹಳೆಯ ವಿದ್ಯಾರ್ಥಿಗಳ ಅಂಕ ಉಳಿದದ್ದು ಅದರಿಂದ. ಇದನ್ನೆಲ್ಲ ಬರೆದು, ಅಂದು ಹೇಳದೆ ಹೋದುದಕ್ಕೆ ಕ್ಷಮಿಸಿ ಎಂದೆ.

ಎಂಟು ದಿನಕ್ಕೆ ಉತ್ತರ ಬಂತು. ಕಾಗದ ಓದಿ ಸಂತೋಷವಾಯಿತೆಂದೂ ಮನೆಯವರಿಗೆ ತೋರಿಸಿದೆನೆಂದೂ ಬರೆದು, ಕೆಳಗೆ ತಿದ್ದುಪಡಿ ಸೇರಿಸಿದ್ದರು: ಅದು 2009 ಅಲ್ಲ, 2008, ಬೀರುಗಳು ಮೂರಲ್ಲ, ನಾಲ್ಕು, ಅಂದು ರಾತ್ರಿ ತಮ್ಮ ಜೊತೆ ಜವಾನನೂ ಇದ್ದ, ಅವನ ಹೆಸರನ್ನು ನೀವು ಬಿಟ್ಟಿದ್ದೀರಿ.