ಕಣ್ಣು ತಗ್ಗಿಸಿದ್ರೆ ಭಯ ಅಂತಲೇ ಅರ್ಥನಾ? ವಿಜಯನಗರದ ಆಸ್ಥಾನ ಹೇಳೋ ಕಥೆ

ಇಂಟರ್‌ವ್ಯೂಗೆ ಹೋಗೋರಿಗೆ ಸಿಗೋ ಮೊದಲ ಸಲಹೆ ಯಾವುದು ಹೇಳಿ? ಕಣ್ಣಲ್ಲಿ ಕಣ್ಣಿಟ್ಟು ಮಾತಾಡಿ, ಅಲ್ವಾ? ಬಿ.ಕಾಂ ಓದಿದ ನಾನೂ ಇದನ್ನ ಬೇಕಾದಷ್ಟು ಸಲ ಕೇಳಿದ್ದೀನಿ. ಆದರೆ ನಮ್ಮ ಕಂಪ್ಲಿ, ಸಂಡೂರು ಕಡೆ ಎಷ್ಟೋ ಮನೆಗಳಲ್ಲಿ ಹಿರಿಯರ ಮುಂದೆ ಕಣ್ಣು ತಗ್ಗಿಸಿ ನಿಲ್ಲೋದೇ ಮರ್ಯಾದೆ. ಅದೇ ಹುಡುಗ ಇಂಟರ್‌ವ್ಯೂನಲ್ಲಿ ಹಾಗೆ ಕೂತರೆ, ಎದುರಿಗೆ ಕೂತವರು 'ಧೈರ್ಯ ಇಲ್ಲ' ಅಂತ ಬರೆದುಕೊಳ್ತಾರೆ. ಈ ಗೊಂದಲ ಅರ್ಥ ಆಗಬೇಕಾದ್ರೆ ಐನೂರು ವರ್ಷ ಹಿಂದಿನ ಹಂಪಿಗೆ ಹೋಗಿಬರೋಣ.

ಫೆರ್ನಾವೊ ನೂನಿಜ್ ಅಂತ ಒಬ್ಬ ಪೋರ್ಚುಗೀಸ್ ಕುದುರೆ ವ್ಯಾಪಾರಿ. 1530ರ ದಶಕದಲ್ಲಿ, ಅಚ್ಯುತರಾಯನ ಕಾಲದಲ್ಲಿ ಇಲ್ಲಿದ್ದ. ಆಸ್ಥಾನದಲ್ಲಿ ಸರದಾರರು ಹೇಗೆ ನಿಲ್ತಿದ್ರು ಅಂತ ಅವನು ವಿವರವಾಗಿ ಬರೆದಿದ್ದಾನೆ. ರಾಜನಿಂದ ದೂರ, ಗೋಡೆಗೆ ಒತ್ತಿ ನಿಲ್ಲಬೇಕು. ತಮ್ಮತಮ್ಮಲ್ಲಿ ಮಾತಾಡೋ ಹಾಗಿಲ್ಲ, ವೀಳ್ಯ ಮೆಲ್ಲೋ ಹಾಗಿಲ್ಲ. ಕೈ ನಿಲುವಂಗಿಯ ತೋಳೊಳಗೆ, ಕಣ್ಣು ನೆಲದ ಮೇಲೆ. ರಾಜ ಮಾತಾಡಿಸಬೇಕಾದ್ರೂ ನಡುವೆ ಇನ್ನೊಬ್ಬ ಇರ್ತಾನೆ. ಆಗ ಮಾತ್ರ ಕಣ್ಣೆತ್ತಿ ಉತ್ತರ ಕೊಟ್ಟು, ಮತ್ತೆ ಮೊದಲಿನ ಹಾಗೇ ನಿಲ್ಲಬೇಕು. ಹೊರಡುವಾಗ ಜೋಡಿಸಿದ ಕೈಯನ್ನ ತಲೆಯ ಮೇಲೆ ಆದಷ್ಟು ಎತ್ತರಕ್ಕೆ ಎತ್ತಬೇಕು.

ಈಗ ಯೋಚನೆ ಮಾಡಿ. ಇವರೇನು ಪುಕ್ಕಲರಾ? ಸಾವಿರಾರು ಸೈನಿಕರನ್ನ ಸಾಕಿ, ಯುದ್ಧಕ್ಕೆ ಕರ್ಕೊಂಡು ಹೋಗ್ತಿದ್ದ ನಾಯಕರು. ಅವರ ತಗ್ಗಿದ ಕಣ್ಣಿಗೂ ಧೈರ್ಯಕ್ಕೂ ಸಂಬಂಧವೇ ಇರಲಿಲ್ಲ. ಯಾರು ಮೇಲೆ, ಯಾರು ಕೆಳಗೆ ಅನ್ನೋದನ್ನ ಮಾತಿಲ್ಲದೆ ಹೇಳೋ ಕ್ರಮ ಅದು.

ಇದಕ್ಕೂ ಸ್ವಲ್ಪ ಹಿಂದೆ, 1520ರ ಆಸುಪಾಸಿನಲ್ಲಿ, ಇನ್ನೊಬ್ಬ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್ ಬಂದಿದ್ದ. ಕೃಷ್ಣದೇವರಾಯ ಆಗ ತಾನು ಕಟ್ಟಿಸಿದ ಹೊಸ ಊರಲ್ಲಿದ್ದ. ನಾಗಲಾಪುರ, ಅಂದ್ರೆ ನಮ್ಮ ಹೊಸಪೇಟೆ. ಪೋರ್ಚುಗೀಸರು ಎಷ್ಟು ಹತ್ತಿರ ಇದ್ರು ಅಂದ್ರೆ, ರಾಜ ಅವರನ್ನೆಲ್ಲ ಮುಟ್ಟಿ ಮಾತಾಡಿಸಿದ, ನೋಡಿದಷ್ಟೂ ಅವನಿಗೆ ಸಾಕಾಗಲಿಲ್ಲ ಅಂತ ಪಾಯಸ್ ಬರೀತಾನೆ. ತಂಡದ ಮುಖ್ಯಸ್ಥ ಕ್ರಿಸ್ಟೋವಾ ದ ಫಿಗೆರೆದೊಗೆ ಜರಿಯ ನಿಲುವಂಗಿಯೂ, ರಾಜ ತೊಡೋ ತರದ್ದೇ ಕುಲಾವಿಯೂ ಸಿಕ್ತು.

ಸ್ವಂತ ಸರದಾರರಿಗೆ ಗೋಡೆ, ಹೊರಗಿನವರಿಗೆ ಪಕ್ಕದ ಜಾಗ! ಕಾರಣ ಊಹಿಸೋದು ಕಷ್ಟ ಅಲ್ಲ. 1510ರಿಂದ ಗೋವಾ ಪೋರ್ಚುಗೀಸರ ಕೈಯಲ್ಲಿತ್ತು, ಸಮುದ್ರ ದಾಟಿ ಬರ್ತಿದ್ದ ಕುದುರೆಗಳೂ ಅವರ ಹಿಡಿತದಲ್ಲಿದ್ವು. 'ನೀವು ನಮಗೆ ಬೇಕಾದವರು' ಅಂತ ಹೇಳೋಕೆ ಆ ಒಂದು ಸ್ಪರ್ಶ ಸಾಕಿತ್ತು. ಅಂತರ ಕಡಿಮೆ ಮಾಡೋ ಅಧಿಕಾರ ಮಾತ್ರ ಯಾವಾಗಲೂ ರಾಜನದ್ದೇ. ಅದೇ ಕೃಷ್ಣದೇವರಾಯ ತಿರುಮಲೆಯ ದೇವಸ್ಥಾನದಲ್ಲಿ, ಇಬ್ಬರು ರಾಣಿಯರ ನಡುವೆ ಕೈಮುಗಿದು ನಿಂತ ಲೋಹದ ಪ್ರತಿಮೆಯಾಗಿ ಇವತ್ತಿಗೂ ಇದ್ದಾನೆ. ಅಲ್ಲಿ ಮೇಲಿರೋನು ದೇವರು, ಕೈಮುಗಿಯೋ ಸರದಿ ರಾಜನದ್ದು.

ನನಗೆ ತುಂಬಾ ಇಷ್ಟವಾದ ಪ್ರಸಂಗ ಇನ್ನೂ ಹಳೇದು. 1443ರಲ್ಲಿ ಹೆರಾತಿನ ದೊರೆ ಶಾರುಖ್‌ನ ರಾಯಭಾರಿ ಅಬ್ದುಲ್ ರಜಾಕ್ ಇಮ್ಮಡಿ ದೇವರಾಯನ ಮುಂದೆ ಬಂದು ತಲೆಬಾಗಿದ. ಒಬ್ಬರ ಭಾಷೆ ಇನ್ನೊಬ್ಬರಿಗೆ ಬರಲ್ಲ, ದುಭಾಷಿಗಳೇ ಗತಿ. ರಾಜ ಅವನನ್ನ ಹತ್ತಿರ ಕೂರಿಸಿಕೊಂಡ. ಮೈತುಂಬ ಬಟ್ಟೆ, ನಮ್ಮ ಸೆಕೆ ಬೇರೆ. ರಜಾಕ್ ಬೆವರಿ ತೊಯ್ದುಹೋಗಿದ್ದ. ಅದನ್ನ ನೋಡಿದ ದೇವರಾಯ ತನ್ನ ಕೈಯಲ್ಲಿದ್ದ ಬೀಸಣಿಗೆಯನ್ನೇ ಅವನಿಗೆ ಕೊಟ್ಟುಬಿಟ್ಟ. ಆಮೇಲೆ ವೀಳ್ಯ, ಹಣದ ಚೀಲ, ಕರ್ಪೂರ ಎಲ್ಲಾ ಬಂತು. ಆದರೆ ಮೊದಲು ಬಂದಿದ್ದು ಬೀಸಣಿಗೆ.

ದೇಹಭಾಷೆ ಅಂದ್ರೆ ನಾವು ಯಾವಾಗಲೂ ಕೆಳಗಿನ ಕುರ್ಚಿಯಲ್ಲಿ ಕೂತವರಿಗೇ ಪಾಠ ಮಾಡ್ತೀವಿ: ನೆಟ್ಟಗೆ ಕೂರು, ಕಣ್ಣು ನೋಡು, ಕೈ ಅಲ್ಲಾಡಿಸಬೇಡ. ಕಲಿಯಲಿ, ತಪ್ಪೇನಿಲ್ಲ, ಕೆಲಸ ಬೇಕಲ್ಲ. ಆದರೆ ಎದುರಿಗಿರೋ ಮೈ ಏನು ಹೇಳ್ತಿದೆ ಅಂತ ಓದೋ ಜವಾಬ್ದಾರಿ ಮೇಲಿನ ಕುರ್ಚಿಯವರದ್ದೂ ಹೌದು. ದೇವರಾಯ ಆ ಬೆವರನ್ನ ಅಳುಕು ಅಂತ ಓದಲಿಲ್ಲ, ಸೆಕೆ ಅಂತ ಓದಿದ.

ಮುಂದಿನ ಸಲ ಹಂಪಿಗೆ ಹೋದಾಗ ಮಹಾನವಮಿ ದಿಬ್ಬದ ಕೆತ್ತನೆಗಳ ಮುಂದೆ ಸ್ವಲ್ಪ ಹೊತ್ತು ನಿಲ್ಲಿ. ರಾಜನ ಎದುರು ಬಂದ ಪರದೇಶದವರೂ ಅಲ್ಲಿದ್ದಾರೆ. ಯಾರು ಕೂತಿದ್ದಾರೆ, ಯಾರು ಬಾಗಿದ್ದಾರೆ, ಯಾರ ಕೈ ಎಲ್ಲಿದೆ, ಒಂದೊಂದಾಗಿ ನೋಡಿ. ಮತ್ತೆ ಸಿಗೋಣ.