ದಟ್ಟ ಕಾಡಿನ ಬೇಟೆಯ ರೈಫಲ್ ತೋಟಾ

ದಟ್ಟ ಕಾಡಿನ ಬೇಟೆಯ ರೈಫಲ್ ತೋಟಾ ಎಂದರೆ ಮರ, ಬಿದಿರು ಮತ್ತು ಪೊದೆಗಳು ದೃಷ್ಟಿಯನ್ನು ತಡೆಯುವ ಪ್ರದೇಶದಲ್ಲಿ, ಸಮೀಪದ ಅಂತರದಿಂದ ದೊಡ್ಡ ಪ್ರಾಣಿಗಳನ್ನು ಹೊಡೆಯಲು ಬಳಸುವ ಕಾಡತೂಸು. ಬಯಲಿನ ಬೇಟೆಯಲ್ಲಿ ಗುಂಡಿನ ವೇಗ ಮತ್ತು ನೇರ ಪಥ ಮುಖ್ಯವಾದರೆ, ಇಲ್ಲಿ ಗುಂಡಿನ ತೂಕ, ಅದು ದೇಹದೊಳಗೆ ಇಳಿಯುವ ಆಳ ಮತ್ತು ಎರಡನೆಯ ಈಡನ್ನು ಬೇಗ ಹಾರಿಸುವ ಅನುಕೂಲ ಮುಖ್ಯವಾಗುತ್ತವೆ. ಹಳೆಯ ಮೈಸೂರು ಮತ್ತು ಕೊಡಗಿನ ಕಾಡುಗಳಲ್ಲಿ ಈ ಆಯ್ಕೆಯನ್ನು ತಾಂತ್ರಿಕ ಗುಣಗಳಷ್ಟೇ ಆಯುಧ ಕಾನೂನೂ ನಿರ್ಧರಿಸಿತು. ಭಾರತದಲ್ಲಿ ಈಗ ವನ್ಯಪ್ರಾಣಿಗಳ ಬೇಟೆ ನಿಷಿದ್ಧವಾಗಿದ್ದು, ವಿಷಯಕ್ಕೆ ಉಳಿದಿರುವುದು ಬಹುಮಟ್ಟಿಗೆ ಚಾರಿತ್ರಿಕ ಮಹತ್ವ.

ತೋಟಾದ ಉದ್ದ ಮತ್ತು ಶಾರ್ಟ್ ಆ್ಯಕ್ಷನ್

ಬೋಲ್ಟ್ ಹಿಂದೆಮುಂದೆ ಚಲಿಸಿ ತೋಟಾವನ್ನು ನಳಿಗೆಗೆ ತುಂಬುವ ಯಂತ್ರಭಾಗವನ್ನು ಆ್ಯಕ್ಷನ್ ಎನ್ನುತ್ತಾರೆ. ತೋಟಾ ಗಿಡ್ಡವಾದಷ್ಟೂ ಈ ಭಾಗವನ್ನು ಗಿಡ್ಡವಾಗಿ ನಿರ್ಮಿಸಬಹುದು. 1906ರ .30-06 ಸ್ಪ್ರಿಂಗ್‌ಫೀಲ್ಡ್ ತೋಟಾದ ಕೋಶ ಸುಮಾರು 63 ಮಿ.ಮೀ. ಉದ್ದವಿದೆ, 1952ರಲ್ಲಿ ಮಾರುಕಟ್ಟೆಗೆ ಬಂದ.308 ವಿಂಚೆಸ್ಟರ್‌ನದು ಸುಮಾರು 51 ಮಿ.ಮೀ. ಸುಧಾರಿತ ಸಿಡಿಮದ್ದಿನಿಂದಾಗಿ ಗಿಡ್ಡ ಕೋಶದಿಂದಲೂ ಹೆಚ್ಚುಕಡಿಮೆ ಅದೇ ಶಕ್ತಿಯನ್ನು ಪಡೆಯಲು ಸಾಧ್ಯವಾಯಿತು. 1955ರಲ್ಲಿ ಇದೇ ಕೋಶದ ಕತ್ತನ್ನು ಹಿಗ್ಗಿಸಿ, ಭಾರವಾದ ಗುಂಡು ಕೂರುವಂತೆ .358 ವಿಂಚೆಸ್ಟರ್ ತಯಾರಾಯಿತು. ಉತ್ತರ ಅಮೆರಿಕದ ದಟ್ಟ ಕಾಡುಗಳಲ್ಲಿ ಜಿಂಕೆ, ಕರಡಿಗಳ ಬೇಟೆಗೆ ಇದು ಹೇಳಿಮಾಡಿಸಿದಂತಿತ್ತು.

ಶಾರ್ಟ್ ಆ್ಯಕ್ಷನ್‌ನಿಂದ ರೈಫಲ್ಲಿನ ಉದ್ದ ಒಂದೂಕಾಲು ಸೆಂಟಿಮೀಟರಿನಷ್ಟು ತಗ್ಗುತ್ತದೆ, ತೂಕವೂ ತುಸು ಇಳಿಯುತ್ತದೆ. ಈ ಲಾಭವನ್ನು ಹಲವರು ಉತ್ಪ್ರೇಕ್ಷಿಸಿದ್ದಾರೆ. ಬಿದಿರು ಮೆಳೆಯ ನಡುವೆ ಕೋವಿಯನ್ನು ತಿರುಗಿಸುವವನಿಗೆ ನಳಿಗೆಯ ಉದ್ದವೇ ಹೆಚ್ಚು ತೊಡಕಾಗುತ್ತದೆ. ಆ್ಯಕ್ಷನ್ನಿನ ಉದ್ದ ಅದರ ನಂತರದ ಮಾತು.

ಪೊದೆಯೊಳಗೆ ಗುಂಡಿನ ವರ್ತನೆ

ಭಾರವಾದ, ಮೊಂಡು ಮೂತಿಯ, ಮಧ್ಯಮ ವೇಗದ ಗುಂಡು ಪೊದೆಯನ್ನು ಸೀಳಿಕೊಂಡು ನೇರವಾಗಿ ಸಾಗುತ್ತದೆಂಬ ನಂಬಿಕೆ ಬೇಟೆಗಾರರಲ್ಲಿ ಬಹುಕಾಲದಿಂದ ಇದೆ. ಕಡ್ಡಿಗಳ ಸಾಲಿನ ಮೂಲಕ ಗುರಿಹಲಗೆಗೆ ಗುಂಡು ಹಾರಿಸಿ ನಡೆಸಿದ ಪರೀಕ್ಷೆಗಳು ಇದನ್ನು ಪೂರ್ಣವಾಗಿ ಸಮರ್ಥಿಸಿಲ್ಲ. ಬೆರಳು ಗಾತ್ರದ ಕೊಂಬೆ ತಾಗಿದರೆ ಯಾವ ಗುಂಡಾದರೂ ವಾಲಬಹುದು, ಒಡೆಯಲೂಬಹುದು. ಕೊಂಬೆಗೂ ಪ್ರಾಣಿಗೂ ನಡುವಿನ ಅಂತರ ಹೆಚ್ಚಿದಷ್ಟೂ ಗುರಿ ತಪ್ಪುವ ಪ್ರಮಾಣ ಹೆಚ್ಚುತ್ತದೆ. ತೆಳು ಕವಚದ ವೇಗದ ಗುಂಡುಗಳು ಬೇಗ ಛಿದ್ರವಾಗುವುದು ನಿಜವಾದರೂ, ಭಾರದ ಗುಂಡು ಪೊದೆಯ ಮೂಲಕ ಹೊಡೆಯಲು ಪರವಾನಗಿಯಲ್ಲ.

ಭಾರದ ಗುಂಡಿನ ನಿಜವಾದ ಪ್ರಯೋಜನ ಬೇರೆಯದು. ಕಾಡಿನಲ್ಲಿ ಪ್ರಾಣಿ ಪಕ್ಕೆ ತೋರಿಸಿ ನಿಲ್ಲುವುದು ಅಪರೂಪ. ಓರೆಯಾಗಿ ನಿಂತ ಕಾಟಿಯ (ಕಾಡೆಮ್ಮೆ) ಭುಜದ ಮೂಳೆಯನ್ನೂ ದಪ್ಪ ಸ್ನಾಯುವನ್ನೂ ದಾಟಿ ಹೃದಯ, ಶ್ವಾಸಕೋಶಗಳನ್ನು ಮುಟ್ಟಬೇಕಾದರೆ ಗುಂಡು ಒಡೆಯದೆ ಆಳಕ್ಕೆ ಇಳಿಯಬೇಕು. ಇಲ್ಲದಿದ್ದರೆ ಗಾಯಗೊಂಡ ಪ್ರಾಣಿ ಹತ್ತು ಹೆಜ್ಜೆಯಲ್ಲಿ ಕಣ್ಮರೆಯಾಗುತ್ತದೆ. ಹುಲಿ, ಚಿರತೆಗಳ ವಿಷಯದಲ್ಲಿ ಇದರ ಪರಿಣಾಮ ಇನ್ನೂ ಘೋರ: ಗುಂಡೇಟಿನಿಂದ ಊನಗೊಂಡು ಸಹಜ ಬೇಟೆಯಾಡಲಾರದ ಪ್ರಾಣಿಗಳು ನರಭಕ್ಷಕಗಳಾದ ಪ್ರಸಂಗಗಳನ್ನು ಜಿಮ್ ಕಾರ್ಬೆಟ್ ಮತ್ತು ಕೆನೆತ್ ಆ್ಯಂಡರ್ಸನ್ ಇಬ್ಬರೂ ದಾಖಲಿಸಿದ್ದಾರೆ. ಬೇಟೆಗಾರನ ತಪ್ಪಿಗೆ ದಂಡ ತೆತ್ತವರು ಸೌದೆ ತರಲು, ದನ ಮೇಯಿಸಲು ಕಾಡಂಚಿಗೆ ಹೋದ ಹಳ್ಳಿಯ ಜನ.

ಮೈಸೂರು ಸೀಮೆಯ ಅನುಭವ

ಮೈಸೂರು ಸಂಸ್ಥಾನದ ಸೇವೆಯಲ್ಲಿದ್ದು, 1870ರ ದಶಕದಲ್ಲಿ ಚಾಮರಾಜನಗರ ಸೀಮೆಯಲ್ಲಿ ಆನೆಗಳ ಖೆಡ್ಡಾ ನಡೆಸಿದ ಜಿ. ಪಿ. ಸ್ಯಾಂಡರ್‌ಸನ್, 1878ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ಕೋವಿಗಳ ಆಯ್ಕೆಯನ್ನೂ ಚರ್ಚಿಸಿದ್ದಾನೆ. ಅದು ಕಪ್ಪು ಮದ್ದಿನ ಕಾಲ. ವೇಗವನ್ನು ಹೆಚ್ಚಿಸಲು ಮಿತಿಯಿದ್ದುದರಿಂದ ತೂಕವನ್ನೇ ಹೆಚ್ಚಿಸಬೇಕಿತ್ತು. ಆನೆ ಮತ್ತು ಕಾಟಿಗೆ 4 ಮತ್ತು 8 ಬೋರಿನ ಭಾರಿ ಕೋವಿಗಳು ಬಳಕೆಯಲ್ಲಿದ್ದವು. ಬೋರ್ ಸಂಖ್ಯೆಯು ಒಂದು ಪೌಂಡ್ ಸೀಸದಿಂದ ನಳಿಗೆಯ ಅಳತೆಯ ಎಷ್ಟು ಉಂಡೆಗಳಾಗುತ್ತವೆ ಎಂಬುದನ್ನು ಸೂಚಿಸುತ್ತದೆ. ಅಂದರೆ 8 ಬೋರಿನ ಒಂದು ಉಂಡೆ ಸುಮಾರು 57 ಗ್ರಾಂ, 4 ಬೋರಿನದು ಅದರ ಇಮ್ಮಡಿ. ಇಂಥ ಕೋವಿಯನ್ನು ಹೊತ್ತು ನಡೆಯಲು ಆಳುಗಳು ಬೇಕಾಗುತ್ತಿತ್ತು. ಹೊಡೆದ ಮೇಲೆ ಕವಿಯುವ ಹೊಗೆ ಪ್ರಾಣಿ ಯಾವ ಕಡೆಗೆ ನುಗ್ಗಿತೆಂಬುದನ್ನೇ ಮರೆಮಾಡುತ್ತಿತ್ತು. ಹೊಗೆರಹಿತ ಮದ್ದು ಬಂದಮೇಲೆ ಈ ಗಾತ್ರಗಳು ಹಿಂದೆ ಸರಿದವು.

ಬೆಂಗಳೂರಿನಲ್ಲಿ ನೆಲೆಸಿದ್ದ ಕೆನೆತ್ ಆ್ಯಂಡರ್ಸನ್ (1910–1974) ನೆಚ್ಚಿಕೊಂಡಿದ್ದುದು .405 ವಿಂಚೆಸ್ಟರ್ ತೋಟಾವನ್ನು. 1904ರಲ್ಲಿ ವಿಂಚೆಸ್ಟರ್ 1895 ಮಾದರಿಯ ಲಿವರ್ ರೈಫಲ್ಲಿಗಾಗಿ ಬಂದ ಈ ತೋಟಾ 300 ಗ್ರೇನ್ (ಸುಮಾರು 19.4 ಗ್ರಾಂ) ಗುಂಡನ್ನು ಸೆಕೆಂಡಿಗೆ ಸುಮಾರು 670 ಮೀಟರ್ ವೇಗದಲ್ಲಿ ಹಾರಿಸುತ್ತದೆ. ದೂರ ಹೋದಂತೆ ಈ ಮೊಂಡು ಗುಂಡು ಬೇಗ ಕೆಳಗಿಳಿಯುತ್ತದೆ. ಆದರೆ ಮಚಾನಿನ ಮೇಲಿಂದ ಅಥವಾ ಹಳ್ಳದ ದಂಡೆಯಿಂದ ಹೊಡೆಯುವವನಿಗೆ ಅದು ಕೊರತೆಯೇ ಅಲ್ಲ. ಲಿವರ್ ವ್ಯವಸ್ಥೆಯಿಂದ ಮರು ಈಡೂ ಶೀಘ್ರ. ಆ್ಯಂಡರ್ಸನ್ನನ ಅನುಭವಗಳು ಪೂರ್ಣಚಂದ್ರ ತೇಜಸ್ವಿಯವರ ‘ಕಾಡಿನ ಕತೆಗಳು’ ಮಾಲೆಯ ಮೂಲಕ ಕನ್ನಡ ಓದುಗರಿಗೆ ಪರಿಚಿತವಾಗಿವೆ.

ಕಾನೂನು ಮತ್ತು ಲಭ್ಯತೆ

ಸೈನ್ಯದ ತೋಟಾಗಳು ಖಾಸಗಿಯವರ ಕೈಸೇರಬಾರದೆಂಬುದು ಬ್ರಿಟಿಷ್ ಆಡಳಿತದ ನಿಲುವಾಗಿತ್ತು. .303 ರೈಫಲ್ ಹೀಗೆ ಸಾರ್ವಜನಿಕರಿಗೆ ಎಟುಕದಾದಾಗ .315 (8×50 ಮಿ.ಮೀ. ಅಂಚುಳ್ಳ) ತೋಟಾ ಅದರ ಸ್ಥಾನವನ್ನು ಪಡೆಯಿತು. ಸ್ವಾತಂತ್ರ್ಯಾನಂತರವೂ ಇಷಾಪುರದ ಸರ್ಕಾರಿ ಕಾರ್ಖಾನೆ ಲೀ-ಎನ್‌ಫೀಲ್ಡ್ ಮಾದರಿಯ ಆ್ಯಕ್ಷನ್ ಉಳ್ಳ .315 ರೈಫಲ್ಲುಗಳನ್ನು ನಾಗರಿಕರಿಗಾಗಿ ತಯಾರಿಸಿತು. ಇದರ 244 ಗ್ರೇನಿನ ಭಾರದ ಗುಂಡು ಮಧ್ಯಮ ವೇಗದ್ದು, ಕೋಶವೂ ಗಿಡ್ಡ. ದಟ್ಟ ಕಾಡಿಗೆ ಬೇಕಾದ ಗುಣಗಳು ಹೀಗೆ ಕಾನೂನಿನ ಒತ್ತಡದಿಂದ, ಯಾರೂ ಯೋಜಿಸದೆಯೇ, ಒಂದೇ ತೋಟಾದಲ್ಲಿ ಕೂಡಿಬಂದವು. ಇದಕ್ಕೆ ವಿರುದ್ಧವಾಗಿ, ಜಗತ್ತಿನ ಅತಿ ಪ್ರಸಿದ್ಧ ಶಾರ್ಟ್ ಆ್ಯಕ್ಷನ್ ತೋಟಾವಾದ .308 ಭಾರತದಲ್ಲಿ ಬೇಟೆಯ ತೋಟಾವಾಗಿ ಬೇರೂರಲಿಲ್ಲ: 1962ರ ಆಯುಧ ನಿಯಮಗಳು ಸೈನ್ಯದ 7.62 ಮಿ.ಮೀ. ತೋಟಾವನ್ನು ಹಾರಿಸಬಲ್ಲ ರೈಫಲ್ಲುಗಳನ್ನು ನಿರ್ಬಂಧಿತ ವರ್ಗದಲ್ಲಿ ಇರಿಸಿದವು.

ಕೊಡಗಿನಲ್ಲಿ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಕೋವಿಯ ಪರವಾನಗಿಯಿಂದ ವಿನಾಯಿತಿಯಿದೆ. 2021ರಲ್ಲಿ ಕರ್ನಾಟಕ ಹೈಕೋರ್ಟ್ ಇದನ್ನು ಎತ್ತಿಹಿಡಿಯಿತು. ಕೈಲ್‌ಪೊಳ್ದ್ ಹಬ್ಬದಲ್ಲಿ ಕೋವಿಗೆ ಪೂಜೆ ಸಲ್ಲುತ್ತದೆ. ಈ ವಿನಾಯಿತಿ ಕೋವಿಯನ್ನು ಹೊಂದುವುದಕ್ಕೆ ಸಂಬಂಧಿಸಿದ್ದೇ ಹೊರತು ಬೇಟೆಗೆ ಅನುಮತಿಯಲ್ಲ.

ಇಂದಿನ ಸ್ಥಿತಿ

1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ 9ನೇ ಕಲಮು ಬೇಟೆಯನ್ನು ನಿಷೇಧಿಸುತ್ತದೆ; ಮನುಷ್ಯರ ಜೀವಕ್ಕೆ ಅಪಾಯಕಾರಿಯಾದ ಪ್ರಾಣಿಗಳ ಬಗ್ಗೆ 11ನೇ ಕಲಮಿನಡಿ ಅಧಿಕಾರಿಯ ಲಿಖಿತ ಆದೇಶ ಬೇಕು. ಮಂಡ್ಯ ಜಿಲ್ಲೆಯಲ್ಲಿ ಸಮಸ್ಯೆಯ ಸ್ವರೂಪವೇ ಬದಲಾಗಿದೆ. ಮಳವಳ್ಳಿ ತಾಲ್ಲೂಕಿನ ಮುತ್ತತ್ತಿ, ಬಸವನಬೆಟ್ಟದ ಕಾಡು ಕಾವೇರಿ ವನ್ಯಜೀವಿಧಾಮಕ್ಕೆ ಸೇರಿದೆ. ಅದರಿಂದ ದೂರವಿರುವ, ಕೆರಗೋಡಿನಂಥ ಬಯಲು ಹೋಬಳಿಗಳನ್ನೂ ಒಳಗೊಂಡ ಮಂಡ್ಯ ತಾಲ್ಲೂಕಿನಲ್ಲಿ ಆಳೆತ್ತರದ ಕಬ್ಬಿನ ಗದ್ದೆಗಳೇ ಚಿರತೆಗೆ ಮರೆಯೊದಗಿಸುತ್ತವೆ. ಅರಣ್ಯ ಇಲಾಖೆ ಇಂಥಲ್ಲಿ ಬಳಸುವುದು ಬೋನನ್ನು ಅಥವಾ ಅರಿವಳಿಕೆ ಮದ್ದಿನ ಕೋವಿಯನ್ನು. ಅರಿವಳಿಕೆಯ ಸೂಜಿ ರೈಫಲ್ ಗುಂಡಿಗಿಂತ ಎಷ್ಟೋ ನಿಧಾನವಾದದ್ದು. ಒಂದು ಎಲೆಯ ತಡೆಯಿಂದಲೂ ದಿಕ್ಕು ತಪ್ಪುತ್ತದೆ. ಆದ್ದರಿಂದ ಪ್ರಾಣಿ ಮರೆಯಿಂದ ಹೊರಬಂದು ಪೂರ್ತಿ ಕಾಣುವವರೆಗೆ ಸಿಬ್ಬಂದಿ ಕಾಯಬೇಕಾಗುತ್ತದೆ.