ಮರೆಯಲ್ಲಿರುವುದನ್ನು ಕಾಣುವ ಬಗೆ: ವೈಟ್‌ಫೀಲ್ಡಿನ ರಸ್ತೆ ಮತ್ತು ಯಂತ್ರದೃಷ್ಟಿ

ಕೃತಕ ನರಜಾಲದ ಪದರಗಳಿಗೂ ಮಿದುಳಿನ ದೃಷ್ಟಿಭಾಗಗಳಿಗೂ ಸ್ಥೂಲ ಹೋಲಿಕೆಯಿದೆ ಎಂಬುದನ್ನು ಬಹುಪಾಲು ವಿದ್ವಾಂಸರು ಒಪ್ಪುತ್ತಾರೆ. ತಕರಾರು ಇರುವುದು ಯಂತ್ರ ಏಕೆ ಎಡವುತ್ತದೆ ಎಂಬುದರಲ್ಲಿ, ಅದರಲ್ಲೂ ನಮ್ಮ ರಸ್ತೆಗಳಂಥ ಕಡೆ.

ಹೈದರಾಬಾದಿನ ಐಐಐಟಿ ಮತ್ತು ಇಂಟೆಲ್ ಸೇರಿ ಸಿದ್ಧಪಡಿಸಿದ ‘ಇಂಡಿಯಾ ಡ್ರೈವಿಂಗ್ ಡೇಟಾಸೆಟ್’ನಲ್ಲಿ ಹೈದರಾಬಾದ್, ಬೆಂಗಳೂರು ಹಾಗೂ ಅವುಗಳ ಹೊರವಲಯದ 10,004 ರಸ್ತೆಚಿತ್ರಗಳಿವೆ, ಚಿತ್ರದಲ್ಲಿ ಕಾಣುವುದನ್ನು ವಿಂಗಡಿಸುವ ವರ್ಗಗಳು 34, ಆಟೋರಿಕ್ಷಾವೂ ಅವುಗಳಲ್ಲೊಂದು. ಯುರೋಪಿನ ಶಿಸ್ತಿನ ರಸ್ತೆಗಳಲ್ಲಿ ಯಂತ್ರ ಕಲಿತದ್ದು ನಮ್ಮ ರಸ್ತೆಗೆ ಸಾಲದು ಎಂಬ ಅದರ ಕರ್ತೃಗಳ ವಾದ ಸರಿಯೇ. ಆದರೆ ಇಂಥ ಚಿತ್ರಗಳು ಹೆಚ್ಚಿದಷ್ಟೂ ಯಂತ್ರ ನಮ್ಮಂತೆಯೇ ನೋಡತೊಡಗುತ್ತದೆ ಎಂದು ಕೆಲವರು ಮುಂದುವರಿಸುವ ತರ್ಕಕ್ಕೆ ನನ್ನ ಸಮ್ಮತಿಯಿಲ್ಲ.

ಭಾರತೀಯ ವಿಜ್ಞಾನ ಸಂಸ್ಥೆಯ ಎಸ್.ಪಿ. ಅರುಣ್ ಮತ್ತು ಸಂಗಡಿಗರು 2021ರಲ್ಲಿ ‘ನೇಚರ್ ಕಮ್ಯುನಿಕೇಷನ್ಸ್’ನಲ್ಲಿ ಪ್ರಕಟಿಸಿದ ಅಧ್ಯಯನ ಇಲ್ಲಿ ನಿರ್ಣಾಯಕ. ಯಾವ ಎರಡು ಚಿತ್ರಗಳು ಪರಸ್ಪರ ಹತ್ತಿರ, ಯಾವುವು ದೂರ ಎಂಬ ಒಂದೇ ಅಳತೆಗೋಲಿನಿಂದ ಅವರು ಮನುಷ್ಯರ ಗ್ರಹಿಕೆಯ ಲಕ್ಷಣಗಳನ್ನು ಜಾಲಗಳಲ್ಲಿ ಹುಡುಕಿದರು. ಕನ್ನಡಿಬಿಂಬದ ಗೊಂದಲ, ವ್ಯತ್ಯಾಸ ಗೋಚರಿಸುವುದು ಮೂಲ ಗಾತ್ರದ ಅನುಪಾತಕ್ಕೆ ತಕ್ಕಂತೆ ಎನ್ನುವ ವೆಬರ್ ನಿಯಮ ಇವು ವಸ್ತು ಗುರುತಿಸುವ ತರಬೇತಿಯಾದ ಮೇಲೆ ಕಾಣಿಸಿಕೊಂಡವು. ಮರೆಯಾದ ವಸ್ತುವನ್ನು ಪೂರ್ಣವಾಗಿ ಗ್ರಹಿಸುವ ಗುಣ ಕಾಣಲಿಲ್ಲ. ಇನ್ನೂ ವಿಚಿತ್ರವೆಂದರೆ, ಡೇವಿಡ್ ನಾವೊನ್ 1977ರಲ್ಲಿ ತೋರಿಸಿದ, ಬಿಡಿಗಿಂತ ಇಡಿಯನ್ನೇ ಮೊದಲು ಕಾಣುವ ಒಲವು ಏನೂ ಕಲಿಯದ ಜಾಲದಲ್ಲಿತ್ತು. ಕಲಿತ ಜಾಲದಲ್ಲಿ ಇರಲಿಲ್ಲ! ಅಂದರೆ ತರಬೇತಿಯು ಗುಣಗಳನ್ನು ಕೊಡುವುದಷ್ಟೇ ಅಲ್ಲ, ಕಳೆಯುವುದೂ ಉಂಟು.

ಇದನ್ನೇ ರಸ್ತೆಗೆ ತಂದು ನೋಡೋಣ: ಬೆಂಗಳೂರಿನ ವೈಟ್‌ಫೀಲ್ಡಿನ ಹೋಪ್ ಫಾರ್ಮ್ ಜಂಕ್ಷನ್ನಿನಲ್ಲಿ ನೀರಿನ ಟ್ಯಾಂಕರಿನ ಹಿಂದಿನಿಂದ ಸ್ಕೂಟರಿನ ಮುಂಗಾಲಿಯೊಂದೇ ಇಣುಕಿದರೂ ನಮಗೆ ಕಾಣುವುದು ಇಡೀ ಸ್ಕೂಟರು. ಚಿತ್ರವನ್ನು ವರ್ಗಗಳಾಗಿ ವಿಂಗಡಿಸುವ ತರಬೇತಿಯಲ್ಲಾದರೋ ಪ್ರತಿ ಪಿಕ್ಸೆಲ್‌ಗೆ ಒಂದೇ ಹೆಸರು. ಮರೆಯಾದ ಭಾಗದ ಪಿಕ್ಸೆಲ್‌ಗಳೆಲ್ಲ ಟ್ಯಾಂಕರಿನ ಲೆಕ್ಕಕ್ಕೆ ಹೋಗುತ್ತವೆ. ಇಂಥ ಚಿತ್ರಗಳನ್ನು ಹತ್ತು ಪಟ್ಟು ಹೆಚ್ಚಿಸಿದರೆ, ಕಾಣುವಷ್ಟನ್ನೇ ನಂಬುವ ಅಭ್ಯಾಸವೂ ಅಷ್ಟೇ ಗಟ್ಟಿಯಾಗಬಹುದು. ಕೊರತೆ ಚಿತ್ರಗಳ ಸಂಖ್ಯೆಯದಲ್ಲ, ಅವುಗಳ ಬಗ್ಗೆ ಯಂತ್ರಕ್ಕೆ ನಾವು ಕೇಳುವ ಪ್ರಶ್ನೆಯದು ಎಂಬುದು ನನ್ನ ವಾದ.

ಈ ವಾದಕ್ಕೆ ಮಿತಿಗಳಿವೆ. ಅರುಣ್ ತಂಡ ಪರೀಕ್ಷಿಸಿದ್ದು ಮಾಹಿತಿ ಮುಂದಕ್ಕಷ್ಟೇ ಹರಿಯುವ, ವಸ್ತುವಿನ ಹೆಸರು ಹೇಳಲು ಕಲಿತ ಜಾಲಗಳನ್ನು. ರಸ್ತೆಚಿತ್ರ ವಿಂಗಡಿಸುವ ಜಾಲಗಳನ್ನಲ್ಲ. ಒಂದರ ಫಲಿತಾಂಶವನ್ನು ಇನ್ನೊಂದಕ್ಕೆ ಅನ್ವಯಿಸಿರುವುದು ನನ್ನ ಊಹೆ. ಮಾನವ ಚಾಲಕ ನೋಡುವುದು ನಿಶ್ಚಲ ಚಿತ್ರವನ್ನೂ ಅಲ್ಲ. ಟ್ಯಾಂಕರ್ ಸರಿದಂತೆ ಸ್ಕೂಟರು ಹೊರಬೀಳುತ್ತದೆ. ಆ ಚಲನೆಯನ್ನು ನೋಡಿ ಕಲಿತ ಜಾಲ, ಅಥವಾ ಮಿದುಳಿನಂತೆ ಮಾಹಿತಿ ಹಿಂದಕ್ಕೂ ಹರಿಯುವ ಜಾಲ, ಮರೆಯನ್ನು ಬೇರೆ ರೀತಿ ಗ್ರಹಿಸೀತೇ? ಬೆಂಗಳೂರಿನ ರಸ್ತೆಗಳಲ್ಲಿ ಕಲಿತ ಜಾಲವನ್ನು ಅದೇ ಅಳತೆಗೋಲಿಗೆ ಒಡ್ಡಿದಾಗಲೇ ನನ್ನ ಊಹೆ ನಿಲ್ಲುವುದೋ ಬೀಳುವುದೋ ತಿಳಿದೀತು.